ಐಮಂಗಲದ ಹೈವೇಯಲ್ಲಿ ಒಂದು ಯುರೋಪ್ ಬಂಕು

ಯಜಮಾನರು ಯುರೋಪ್ ಟೂರ್ ಮುಗಿಸಿಕೊಂಡು ಬಂದ ದಿನದಿಂದ ನಮ್ಮ ಬಂಕಿಗೆ ಗ್ರಹಚಾರ ಶುರುವಾಯಿತು. ಚಿತ್ರದುರ್ಗದ ವ್ಯಾಪಾರಸ್ಥರ ಒಂದು ಗುಂಪು ಹೋಗಿತ್ತು, ಬಂಕಿನ ಮಾಲೀಕರಾದ ಇವರೂ ಜೊತೆಗೆ ಹೋಗಿದ್ದರು. ಹಿಮದ ಬೆಟ್ಟ, ದೋಣಿ, ಗಂಟೆ ಗೋಪುರ ಎಲ್ಲ ನೋಡಿ ಬಂದವರು ಮನೆಯವರಿಗೆ ಏನು ಹೇಳಿದರೋ ಗೊತ್ತಿಲ್ಲ. ಐಮಂಗಲದ ಹತ್ತಿರ ಹೈವೇ ಬದಿಯ ಈ ಬಂಕಿನಲ್ಲಿ ಮ್ಯಾನೇಜರ್ ಆಗಿದ್ದ ನನಗೆ ಹೇಳಿದ್ದು ಪೆಟ್ರೋಲ್ ಬಂಕಿನ ಸುದ್ದಿ ಒಂದೇ.

“ಒಂದು ನರಪಿಳ್ಳೆ ಇಲ್ಲ ಕಣಯ್ಯ ಬಂಕಿನಾಗೆ! ಬರ್ತಾರೆ, ಪೈಪ್ ತಗಂತಾರೆ, ತಾವೇ ಹಾಕ್ಕಂತಾರೆ, ಒಳಗೋಗಿ ದುಡ್ಡು ಕೊಟ್ಟು ಹೋಗ್ತಾರೆ. ರೇಟು ಕೇಳಿದ್ರೆ ಎದೆ ಒಡೆದೋಗ್ತೈತೆ, ನಮ್ಮದಕ್ಕಿಂತ ಎಷ್ಟೋ ಮೇಲೆ. ಆದ್ರೂ ಒಬ್ಬನೂ ಕಮಕ್ ಕಿಮಕ್ ಅನ್ನಲ್ಲ. ನಿಂಗೆ ಇದೆಲ್ಲ ಹೊಸದೇನಲ್ಲ ಬಿಡು, ಫಾರಿನ್ ಬಂಕಿನಾಗೆ ಇದ್ದು ಬಂದೋನು.”

ಫಾರಿನ್ ಬಂಕಿನಲ್ಲಿ ನಾನು ಇದ್ದದ್ದು ನಿಜ. ಒಮಾನ್ ದೇಶದ ಒಂದು ಹೈವೇಯಲ್ಲಿ, ಮರಳುಗಾಡಿನ ನಡುವೆ. ಆದರೆ ಆ ಬಂಕು ಹೇಗೆ ನಡೀತಿತ್ತು ಅಂತ ಯಜಮಾನರು ಕೆಲಸಕ್ಕೆ ಸೇರಿಸಿಕೊಳ್ಳುವಾಗಲೂ ಕೇಳಿರಲಿಲ್ಲ, ಈಗಲೂ ಕೇಳಲಿಲ್ಲ. ಅಲ್ಲಿ ಗಿರಾಕಿ ಪೈಪ್ ಮುಟ್ಟೋದಿರಲಿ, ಕಾರಿಂದ ಇಳಿಯೋದೂ ಇಲ್ಲ. ಎಂಜಿನ್ ಆಫ್ ಮಾಡಪ್ಪ ಅಂದರೆ ಏಸಿ ನಿಂತುಹೋಗುತ್ತೆ ಅಂತ ಗೊಣಗ್ತಾನೆ. ಎರಡು ಬೆರಳಗಲ ಗಾಜು ಇಳಿಸಿ ‘ಫುಲ್’ ಅಂತಾನೆ, ದುಡ್ಡು ಹೊರಗೆ ಚಾಚ್ತಾನೆ, ಗಾಜು ಏರಿಸ್ತಾನೆ. ಚಹಾದಂಗಡಿಯವನನ್ನೂ ಹಾರ್ನ್ ಹೊಡೆದು ಕಾರಿನ ಹತ್ತಿರವೇ ಕರೆಸಿಕೊಳ್ಳುವ ಜನ. ಪೆಟ್ರೋಲ್ ರೇಟು ನಮ್ಮಲ್ಲಿಯ ಹೆಚ್ಚುಕಡಿಮೆ ಅರ್ಧ. ಮೀಟರ್ ಕಡೆ ತಲೆ ತಿರುಗಿಸಿ ನೋಡಿದವನನ್ನು ನಾನು ಕಂಡದ್ದೇ ಅಪರೂಪ. ಆ ಬಿಸಿಲಲ್ಲಿ ಪೈಪ್ ಹಿಡಿದು ನಿಂತಿರುತ್ತಿದ್ದವರು ನಾವು. ನಾನು, ಒಬ್ಬ ಮಲಯಾಳಿ, ಇಬ್ಬರು ಬಾಂಗ್ಲಾದವರು.

ಇದನ್ನು ಆವತ್ತೇ ಬಾಯಿಬಿಟ್ಟು ಹೇಳಬಹುದಿತ್ತು. ಆದರೆ ಏಸಿ ರೂಮಿನ ಮ್ಯಾನೇಜರ್ ಕುರ್ಚಿ ಸಿಕ್ಕಿ ಇನ್ನೂ ಬೆಚ್ಚಗಾಗಿರಲಿಲ್ಲ. ಒಮಾನಿನ ನನ್ನ ಜಾಗಕ್ಕೆ ಬೇರೆಯವನು ಬಂದಾಗಿತ್ತು. ಮಾಡದಕೆರೆಯ ನಮ್ಮ ಮನೆಗೆ ನಾನು ತಿಂಗಳಿಗೊಮ್ಮೆ ಮ್ಯಾನೇಜರ್ ಸಾಹೇಬನಾಗಿ ಹೋಗಿ ಬರುತ್ತಿದ್ದೆ. “ಹೂಂ ಯಜಮಾನ್ರೇ” ಅಂದುಬಿಟ್ಟೆ. ಬೋನಿಗೆ ಬಿದ್ದ ಇಲಿಗೂ ಅಷ್ಟು ಸುಲಭವಾಗಿ ಬಾಗಿಲು ಮುಚ್ಚಿರಲಿಕ್ಕಿಲ್ಲ.

“ನಾಲ್ಕನೇ ಮೆಷಿನ್‌ನಾಗೆ ಒಂದು ತಿಂಗಳು ನಡೆಸಿ ನೋಡಾಣ. ಪೆಟ್ರೋಲ್ ಕಂಪನಿ ಆಫೀಸರ್ ಒಪ್ಪವ್ರೆ. ಚೆನ್ನಾಗಿ ನಡೀತು ಅಂದ್ರೆ ಎಲ್ಲಾ ಮೆಷಿನ್ನೂ ಹಂಗೇ ಮಾಡಿ, ಆ ಮೂರು ಹೆಣ್ಮಕ್ಕಳನ್ನ ಬಿಡಿಸಿಬಿಡಾಣ. ನೀನೊಬ್ಬ ಒಳಗೆ ಕುಂತ್ಕಂಡು ನೋಡ್ಕಂಡ್ರೆ ಸಾಕು,” ಅಂದರು ಯಜಮಾನರು. ಆಮೇಲೆ ದನಿ ತಗ್ಗಿಸಿ, “ಅವ್ರಿಗೆ ಈಗ್ಲೇ ಹೇಳ್ಬೇಡ,” ಅಂದರು.

ಹಗಲು ಪಾಳಿಯಲ್ಲಿ ಪೆಟ್ರೋಲ್ ಹಾಕುತ್ತಿದ್ದವರು ಮೂವರು ಹೆಣ್ಣುಮಕ್ಕಳು. ಇಬ್ಬರು ಹಿರಿಯೂರಿನ ಕಡೆಯಿಂದ ಬಸ್ಸಿಗೆ ಬರುತ್ತಿದ್ದ ಎಳೆಯ ಪ್ರಾಯದವರು. ಮೂರನೆಯವರು ಐಮಂಗಲದವರೇ, ಬಂಕು ಶುರುವಾದಾಗಿನಿಂದ ಇದ್ದವರು. ಅವರನ್ನು ನಾವೆಲ್ಲ ಅಕ್ಕ ಅಂತಲೇ ಕರೆಯುತ್ತಿದ್ದೆವು. ನಾಲ್ಕನೇ ಮೆಷಿನ್ ಅವರದೇ, ಉಳಿದ ಮೂರನ್ನು ಆ ಇಬ್ಬರು ನೋಡಿಕೊಳ್ಳುತ್ತಿದ್ದರು. ಶೇಂಗಾ ಮಿಲ್ಲಿನ ಧೂಳು ಕುಡಿದು ಕುಡಿದು ಅವರಿಗೆ ದಮ್ಮು ಹಿಡಿದಿತ್ತು, ಹೊಲದ ಕೂಲಿಗೆ ಹೋದರೂ ಉಸಿರು ಕಟ್ಟುತ್ತಿತ್ತು. ಮನೆಯಿಂದ ನಡೆದು ಬರುವಷ್ಟು ದೂರದಲ್ಲಿ, ತಲೆ ಮೇಲೊಂದು ಸೂರು ಇರುವ ಕೆಲಸ ಅಂದರೆ ಇದೊಂದೇ. ಇದು ಹೋದರೆ ಮತ್ತೊಂದಿಲ್ಲ ಅನ್ನುವುದು ಅವರಿಗೂ ಗೊತ್ತು, ನನಗೂ ಗೊತ್ತು.

ನಾಲ್ಕನೇ ಮೆಷಿನ್ನಿನ ಸುತ್ತ ನೆಲಕ್ಕೆ ಹಳದಿ ಗೆರೆ ಎಳೆಸಿದೆವು. ಗೆರೆಯೊಳಗೆ ಗಿರಾಕಿ ಬಿಟ್ಟು ಇನ್ಯಾರೂ ಕಾಲಿಡುವಂತಿಲ್ಲ. ನನ್ನ ಗಾಜಿನ ರೂಮಿಗೆ ಒಂದು ಕಿಂಡಿ, ಒಂದು ಮೈಕು, ಮೆಷಿನ್ನಿಗೆ ಅಪ್ಪಣೆ ಕೊಡುವ ಗುಂಡಿಗಳ ಪೆಟ್ಟಿಗೆ, ಗೋಡೆಗೆ ಇಡೀ ಬಂಕನ್ನು ಒಂದೇ ಏಟಿಗೆ ನಿಲ್ಲಿಸುವ ಕೆಂಪು ಸ್ವಿಚ್ಚು. ಕ್ಯಾಮೆರಾದ ಚಿತ್ರ ಚಿತ್ರದುರ್ಗದಲ್ಲಿ ಕೂತ ಯಜಮಾನರ ಮೊಬೈಲಿಗೆ. ನಾನು ಹೊರಗೆ ಬರಕೂಡದು, ಅಲ್ಲೆಲ್ಲ ಮ್ಯಾನೇಜರ್ ಹೊರಗೆ ಬರಲ್ಲ ಅಂತ ಅವರ ಅಪ್ಪಣೆ. ಉಚ್ಚೆಗೆ ಎದ್ದರೂ ಫೋನ್ ಬರುತ್ತಿತ್ತು.

ಯುರೋಪಿನಲ್ಲಿ ಮೊದಲು ಪೆಟ್ರೋಲು, ಆಮೇಲೆ ದುಡ್ಡು. ಇದೊಂದನ್ನು ಮಾತ್ರ ಯಜಮಾನರು ಉಲ್ಟಾ ಮಾಡಿದರು. “ಹಂಗೆ ಬಿಟ್ರೆ ನಮ್ಮೋರು ದುಡ್ಡು ಕೊಡೋ ಹೊತ್ತಿಗೆ ಶಿರಾ ದಾಟಿರ್ತಾರೆ” ಅಂದರು. ಹಾಗಾಗಿ ಇಲ್ಲಿ ಗಾಡಿ ನಿಲ್ಲಿಸಬೇಕು, ಕಿಂಡಿಗೆ ಬಂದು ಸ್ಕ್ಯಾನ್ ಮಾಡಬೇಕು, ಎಷ್ಟಕ್ಕೆ ಅಂತ ಹೇಳಬೇಕು, ನಾನು ಗುಂಡಿ ಒತ್ತಬೇಕು, ಅವರು ವಾಪಸ್ ಹೋಗಿ ಪೈಪ್ ಎತ್ತಬೇಕು.

ಮೊದಲನೇ ದಿನವೇ ಮಾರಾಮಾರಿ. ನಮ್ಮ ಕಡೆ ಬಂಕಿನಲ್ಲಿ ಸಾಲು ಅನ್ನುವುದು ಎಲ್ಲಿದೆ? ಒಂದು ಮೆಷಿನ್ನಿಗೆ ನಾಲ್ಕೂ ದಿಕ್ಕಿನಿಂದ ಬೈಕುಗಳು ಮೂತಿ ತೂರಿಸುತ್ತವೆ. ಒಬ್ಬ ಹೊಸದುರ್ಗದ ತೆಂಗಿನಕಾಯಿ ವ್ಯಾಪಾರಿ ದುಡ್ಡು ಕೊಟ್ಟು ತಿರುಗಿ ನೋಡುವಷ್ಟರಲ್ಲಿ ಬೇರೆ ಯಾವನೋ ಪೈಪ್ ಎತ್ತಿ ಆ ಪೆಟ್ರೋಲನ್ನು ತನ್ನ ಟ್ಯಾಂಕಿಗೆ ಬಿಟ್ಟುಕೊಂಡಿದ್ದ.

“ಲೇ, ಯಾವನ್ ದುಡ್ಡಿಗೆ ಯಾವನೋ ಹಾಕ್ಕಂತೀಯ?”

“ನಂಗೇನ್ ಗೊತ್ತು? ನೀವೇ ಹಾಕ್ಕಳ್ರಿ ಅಂತ ಬೋರ್ಡ್ ಐತೆ, ಹಾಕ್ಕಂಡೆ!”

ಇಬ್ಬರೂ ಸೇರಿ ಕೊನೆಗೆ ನನ್ನ ಕಿಂಡಿಗೆ ಬಂದು ನನ್ನನ್ನೇ ಬೈದರು. ಇನ್ನೊಬ್ಬರು ಹಿರಿಯರು ಮೆಷಿನ್ ಮುಂದೆ ನಿಂತು, “ಝೀರೋ ಯಾರು ತೋರಿಸ್ತಾರೆ?” ಅಂತ ಕೂಗಿದರು. ನೀವೇ ನೋಡ್ಕಳ್ರಿ ಅಂತ ಮೈಕಿನಲ್ಲಿ ಹೇಳಿದೆ. “ನಾನು ನೋಡಿದ್ರೆ ಅದೇನ್ ಸಾಕ್ಷಿ ಆಯ್ತದಾ?” ಅಂದರು. ಪಕ್ಕದ ಬೈಕಿನವನನ್ನು ಕರೆದು ಝೀರೋ ತೋರಿಸಿಕೊಂಡೇ ಪೈಪ್ ಎತ್ತಿದ್ದು. ಆಮೇಲೆ ಅದೇ ರೂಢಿಯಾಯಿತು. ಗುರುತು ಪರಿಚಯ ಇಲ್ಲದವರು ಒಬ್ಬರಿಗೊಬ್ಬರು ಝೀರೋ ತೋರಿಸಿ, ಒಬ್ಬರ ಬೈಕನ್ನು ಇನ್ನೊಬ್ಬರು ಹಿಡಿದುಕೊಂಡು, ನೂರಾ ಹತ್ತಕ್ಕೆ, ಇನ್ನೂರಾ ಹತ್ತಕ್ಕೆ ಹಾಕಿಕೊಂಡು ಹೋಗತೊಡಗಿದರು. ಸರಿಯಾದ ನೂರಕ್ಕೆ ಹಾಕಿಸಿದರೆ ಬಂಕಿನವರು ಮೋಸ ಮಾಡ್ತಾರೆ, ಹತ್ತು ರೂಪಾಯಿ ಸೇರಿಸಿದರೆ ಮೋಸ ಆಗಲ್ಲ ಅಂತ ನಮ್ಮ ಜನರ ನಂಬಿಕೆ. ತಾವೇ ಹಾಕಿಕೊಳ್ಳುವಾಗಲೂ ಅದನ್ನು ಬಿಡಲಿಲ್ಲ ನೋಡಿ, ಮೋಸ ಮಾಡೋನು ಯಾರು ಹಾಗಾದರೆ?

ನಾನು ಒಳಗೊಳಗೇ ಇದು ಕೆಟ್ಟು ಹೋಗಲಿ ಅಂದುಕೊಂಡೆ. ಆದರೆ ಕೆಟ್ಟರೆ ನನ್ನ ಕೆಲಸ ಹೋಗುತ್ತದೆ, ನಡೆದರೆ ಅಕ್ಕನ ಕೆಲಸ ಹೋಗುತ್ತದೆ. ಜೊತೆಗೆ ಇನ್ನೊಂದು ದರಿದ್ರ ಬುದ್ಧಿ ನನ್ನದು. ಕೈಗೆ ಒಂದು ಕೆಲಸ ಕೊಟ್ಟರೆ ಅದನ್ನು ಸರಿಯಾಗಿ ಮಾಡದೆ ಇರಲು ನನಗೆ ಬರುವುದಿಲ್ಲ. ಬೈಕು ಒಂದೇ ಕಡೆಯಿಂದ ಬರುವ ಹಾಗೆ ಕಬ್ಬಿಣದ ಕಂಬ ನೆಡಿಸಿದೆ. ಹೆಜ್ಜೆ ಗುರುತು ಬರೆಸಿದೆ. ಹೇಗೆ ಹಾಕಿಕೊಳ್ಳಬೇಕು ಅಂತ ಹೇಳುವ ಒಂದು ರೆಕಾರ್ಡಿಂಗ್ ಮಾಡಿಸಿ ಸ್ಪೀಕರಿಗೆ ಕೊಟ್ಟೆ. ಮೊದಲು ನನ್ನ ದನಿಯಲ್ಲೇ ಮಾಡಿದ್ದು. ಅದನ್ನು ಕೇಳಿ ಜನ ನಗುತ್ತಿದ್ದರು, ಬಸ್ ಸ್ಟ್ಯಾಂಡಿನ ಅನೌನ್ಸ್‌ಮೆಂಟ್ ಇದ್ದ ಹಾಗಿದೆಯಂತೆ. ಆಗ ಯಜಮಾನರು, “ಆ ಅಕ್ಕನ ಕೈಲಿ ಹೇಳ್ಸು, ಅವಳ ಮಾತು ಜನ ಕೇಳ್ತಾರೆ,” ಅಂದರು.

ಅಕ್ಕ ರೂಮಿಗೆ ಬಂದು ಮೊಬೈಲ್ ಮುಂದೆ ನಿಂತು ಹೇಳಿದರು. “ಗಾಡಿ ಆಫ್ ಮಾಡ್ರಿ. ಎಲ್ರೂ ಕೆಳಗಿಳೀರಿ. ಝೀರೋ ನೋಡ್ಕಳ್ರಿ. ಬೇಕಾದಷ್ಟು ನೀವೇ ಹಾಕ್ಕಳ್ರಿ.” ಒಂದೇ ಸಲಕ್ಕೆ ಚೊಕ್ಕವಾಗಿ ಬಂತು. ನಾನು ಮೊಬೈಲ್ ಕೆಳಗಿಟ್ಟೆ.

“ಸಾರ್,” ಅಂದರು ಬಾಗಿಲ ಹತ್ತಿರ ನಿಂತು. “ನನ್ನ ಬಾಯಿಂದಲೇ ನನ್ನ ಕೆಲಸ ಕಳೀತಾ ಇದೀರಲ್ಲ.”

“ಯಾರ್ ಹೇಳಿದ್ರು ಅಕ್ಕ?”

“ಯಾರ್ ಹೇಳ್ಬೇಕು? ಗೆರೆ ಎಳೆದ ದಿನವೇ ಗೊತ್ತಾತು.”

ನನ್ನ ಬಾಯಿಗೆ ಬಂದದ್ದು, “ನೋಡಾಣ ಇರಿ ಅಕ್ಕ, ಇನ್ನೂ ಏನೂ ಆಗಿಲ್ಲ,” ಅನ್ನುವ ಒಣ ಮಾತು. ಅವರು ಹೊರಗೆ ಹೋಗಿ ಕೂತರು. ನಾಲ್ಕನೇ ಮೆಷಿನ್ನಿನ ಗಿರಾಕಿಗೆ ಯಾರೂ ಸಹಾಯ ಮಾಡಬಾರದು ಅಂತ ಅವರಿಗೆ ಗೆರೆಯ ಆಚೆ ನೆರಳಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಸಿದ್ದೆ. ಇಡೀ ದಿನ ಅವರ ದನಿ ಸ್ಪೀಕರಿನಲ್ಲಿ ಕೂಗುತ್ತಿತ್ತು, ಅವರು ಕೈ ಕಟ್ಟಿಕೊಂಡು ಕೂತಿರುತ್ತಿದ್ದರು.

ಆಮೇಲೆ ಅದು ನಡೆಯತೊಡಗಿತು! ಕಾಲೇಜು ಹುಡುಗರು ಪೈಪ್ ಹಿಡಿದು ಫೋಟೋ ತೆಗೆಸಿಕೊಳ್ಳಲು ಬರುತ್ತಿದ್ದರು, ಮೊಬೈಲ್ ಒಳಗಿಡ್ರಪ್ಪ ಅಂತ ಮೈಕಿನಲ್ಲಿ ನಾನು ಗಂಟಲು ಹರಿದುಕೊಳ್ಳಬೇಕು. ಹೊಳಲ್ಕೆರೆ ಕಡೆಯ ಒಬ್ಬ ಟೀಚರಮ್ಮ ಸ್ಕೂಟಿಗೆ ತಾವೇ ಹಾಕಿಕೊಂಡು, “ಎಷ್ಟು ಸಲೀಸು ಐತೆ, ಯಾರಿಗೂ ಕಾಯೋ ಹಂಗಿಲ್ಲ,” ಅಂತ ಖುಷಿಯಾಗಿ ಹೋದರು. ಯಜಮಾನರು ಫೋನಿನಲ್ಲಿ ಶಹಭಾಷ್ ಅಂದರು. ಗಾಜಿನಾಚೆ ಅಕ್ಕ ನನ್ನ ಕಡೆ ನೋಡುವುದನ್ನೂ ಬಿಟ್ಟಿದ್ದರು.

ಒಂದು ಕಡೆ ಮಾತ್ರ ನನಗೆ ಭಯವಿತ್ತು. ಐನೂರಕ್ಕೆ ದುಡ್ಡು ಕೊಟ್ಟು ಹೋದವನ ಟ್ಯಾಂಕಿಗೆ ಐನೂರರಷ್ಟು ಹಿಡಿಯದೇ ಹೋದರೆ? ಉಳಿದದ್ದಕ್ಕೆ ನಗದು ಕೊಡೋಣ ಅಂತ ನಾನು ಹೇಳಿದೆ. ಯಜಮಾನರು ಬೇಡ ಅಂದರು. “ಅಲ್ಲೆಲ್ಲ ನಗದೇ ಮುಟ್ಟಲ್ಲ. ಚೀಟಿ ಕೊಡು, ಮುಂದಿನ ಸಲ ಬಂದಾಗ ಹಾಕ್ಕಳ್ಲಿ.” ಹೈವೇಯಲ್ಲಿ ಹೋಗುವವನಿಗೆ ಮುಂದಿನ ಸಲ ಎಲ್ಲಿದೆ? ಚೀಟಿ ಯಾರಿಗೂ ಬೇಕಿರಲಿಲ್ಲ. ಕೊಟ್ಟ ದುಡ್ಡಿನ ಪೆಟ್ರೋಲು ಟ್ಯಾಂಕಿನೊಳಗೇ ಹೋಗಬೇಕು. ಟ್ಯಾಂಕಿನ ಬಾಯಿವರೆಗೂ ತುಂಬಿಸುವುದು, ಬೈಕನ್ನು ಎಡಕ್ಕೂ ಬಲಕ್ಕೂ ಅಲ್ಲಾಡಿಸಿ ಗಾಳಿ ಬಿಡಿಸುವುದು, ಮತ್ತೆ ಒಂದು ಗುಟುಕು, ಮತ್ತೆ ಅಲ್ಲಾಡಿಸುವುದು. ಕೊನೆಗೆ ಪೈಪನ್ನೂ ಜಾಡಿಸಿ ಹನಿ ಬೀಳಿಸಿಕೊಳ್ಳುವುದು.

ಈ ಅಭ್ಯಾಸವನ್ನು ನಾನು ಒಮಾನಿನಲ್ಲಿ ಒಂದು ದಿನವೂ ನೋಡಿರಲಿಲ್ಲ. ಅಲ್ಲಿ ಪೆಟ್ರೋಲು ಸಸ್ತಾ, ಚೆಲ್ಲಿದರೆ ಚೆಲ್ಲಿತು. ಯುರೋಪಿನಲ್ಲಿ ನಮ್ಮದಕ್ಕಿಂತ ದುಬಾರಿ, ಆದರೂ ಯಾರೂ ಅಲ್ಲಾಡಿಸುವುದಿಲ್ಲ ಅಂತ ಯಜಮಾನರೇ ಹೇಳುತ್ತಿದ್ದರು. ಕೂತು ಕೂತು ಯೋಚನೆ ಮಾಡಿದಾಗ ನನಗೆ ಹೊಳೆದದ್ದು ಇಷ್ಟು. ಬೋರ್ಡಿನ ಮೇಲಿನ ರೇಟು ನೋಡಿ ಏನೂ ಗೊತ್ತಾಗುವುದಿಲ್ಲ, ಹಾಕಿಸಿಕೊಳ್ಳುವವನ ದಿನದ ದುಡಿಮೆಗೆ ಎಷ್ಟು ಲೀಟರ್ ಬರುತ್ತದೆ ಅಂತ ನೋಡಬೇಕು. ಒಂದು ದಿನ ಮೈ ಮುರಿದು ದುಡಿದು ಐದಾರು ಲೀಟರ್ ಕೊಳ್ಳುವವನು ಗುಟುಕು ಗುಟುಕಿಗೂ ಬೈಕು ಅಲ್ಲಾಡಿಸುತ್ತಾನೆ, ಅದರಲ್ಲಿ ತಪ್ಪೇನಿದೆ? ಒಮಾನಿನಲ್ಲಿ ಅಷ್ಟು ವರ್ಷ ಕಾರುಗಳ ಹೊಟ್ಟೆ ತುಂಬಿಸಿದ ನಾನು ಅಲ್ಲಿ ನನ್ನದು ಅಂತ ಒಂದು ಹನಿಯೂ ಕೊಂಡಿರಲಿಲ್ಲ. ನನ್ನ ಹತ್ತಿರ ಅಲ್ಲಿ ಸೈಕಲ್ಲೂ ಇರಲಿಲ್ಲ.

ಪೆಟ್ರೋಲ್ ಹಾಕುವ ಹೆಣ್ಣುಮಕ್ಕಳು ಇದ್ದಾಗ ಈ ಅಲ್ಲಾಡಿಸುವುದಕ್ಕೆ ಒಂದು ಮಿತಿ ಇತ್ತು. ಅಕ್ಕ ಟ್ಯಾಂಕಿನೊಳಗೆ ಕಣ್ಣಿಟ್ಟು, “ಸಾಕು ಬಿಡ್ರಿ ಅಣ್ಣ, ಬಿಸಿಲಿಗೆ ಉಕ್ತೈತೆ,” ಅಂತ ಪೈಪ್ ಕಿತ್ತುಕೊಂಡುಬಿಡುತ್ತಿದ್ದರು. ಈಗ ಕಿತ್ತುಕೊಳ್ಳುವ ಕೈ ಇರಲಿಲ್ಲ. ಇದನ್ನು ಯಜಮಾನರಿಗೆ ಎರಡು ಸಲ ಹೇಳಿದೆ. ನೋಟೀಸ್ ಬೋರ್ಡ್ ಹಾಕಿಸು ಅಂದರು, ಹಾಕಿಸಿದೆ.

ಅದು ಮದುವೆಗಳ ಕಾಲ, ಸುಡು ಮಧ್ಯಾಹ್ನ. ಹೊಳಲ್ಕೆರೆಯಿಂದ ಹಿರಿಯೂರಿಗೆ ಮದುವೆಗೆ ಹೊರಟ ಗಂಡ ಹೆಂಡತಿ ಬೈಕಿನಲ್ಲಿ ಬಂದರು. ಗಂಡ ಬಿಳಿ ಅಂಗಿ, ಹೆಂಡತಿ ರೇಷ್ಮೆ ಸೀರೆ, ಕೈಯಲ್ಲಿ ಉಡುಗೊರೆ ಪೊಟ್ಟಣ. ದೂರದಿಂದ ಒಂದೇ ಸಮ ಓಡಿಸಿಕೊಂಡು ಬಂದದ್ದಕ್ಕೆ ಎಂಜಿನ್ ಕೆಂಡವಾಗಿತ್ತು. ಆತ ಕಿಂಡಿಗೆ ಬಂದು ಐನೂರಕ್ಕೆ ಸ್ಕ್ಯಾನ್ ಮಾಡಿದ. ಅಷ್ಟು ಹಿಡಿಯುತ್ತಾ ಅಂತ ಕೇಳಿದೆ. “ಹಿಡಿದೇ ಹಿಡೀತೈತೆ, ಖಾಲಿ ಐತೆ,” ಅಂದ. ಖಾಲಿ ಇರಲಿಲ್ಲ.

ಆಗಲೇ ಯಜಮಾನರ ಫೋನು. ನಾಳಿದ್ದು ಕಂಪನಿ ಆಫೀಸರು ನೋಡೋಕೆ ಬರ್ತಾರೆ, ಎಲ್ಲಾ ಮೆಷಿನ್ನಿಗೂ ಅಪ್ಪಣೆ ಸಿಗೋ ಹಾಗಿದೆ ಅನ್ನುತ್ತಿದ್ದರು. ಫೋನ್ ಕಿವಿಗಿಟ್ಟುಕೊಂಡೇ ನೋಡಿದೆ. ಆತ ಬೈಕು ಅಲ್ಲಾಡಿಸುತ್ತಿದ್ದ. ಮತ್ತೆ ಹಾಕಿದ, ಮತ್ತೆ ಅಲ್ಲಾಡಿಸಿದ. ಟ್ಯಾಂಕಿನ ಬಾಯಿಂದ ಪೆಟ್ರೋಲು ಉಕ್ಕಿ ಪಕ್ಕಕ್ಕೆ ಇಳಿಯಿತು. ಮೈಕಿನಲ್ಲಿ “ಸಾಕು ನಿಲ್ಸ್ರಿ, ನಿಲ್ಸ್ರಿ” ಅಂದೆ. ಹೈವೇಯ ಲಾರಿಗಳ ಸದ್ದು, ಬಯಲ ಗಾಳಿ, ಅದರ ಮೇಲೆ ರೆಕಾರ್ಡಿಂಗಿನ ಅಕ್ಕನ ದನಿ. ಆತನಿಗೆ ಏನು ಕೇಳಿಸಿತೋ, ನನ್ನ ಕಡೆ ಕೈ ಬೀಸಿ ಆಯ್ತು ಆಯ್ತು ಅನ್ನುವ ಹಾಗೆ ಸನ್ನೆ ಮಾಡಿದ.

ಅಕ್ಕ ಕುರ್ಚಿಯಿಂದ ಎದ್ದು ಗೆರೆಯ ತುದಿಗೆ ಬಂದು ನಿಂತಿದ್ದರು. ನನ್ನ ಕಡೆ ನೋಡಿ, ಹೋಗಲಾ ಅಂತ ಕೈಯಲ್ಲೇ ಕೇಳಿದರು. ಕಿವಿಯಲ್ಲಿ ಯಜಮಾನರು. ಅವರಿಗೂ ಮೊಬೈಲಿನಲ್ಲಿ ಕಾಣುತ್ತಿತ್ತು. “ಅವಳ್ನ ಬಿಡಬೇಡ. ಚೆಲ್ಲಿದ್ರೆ ಅವ್ನ ದುಡ್ಡು ಚೆಲ್ತೈತೆ. ಕಲೀಲಿ.” ನಾನು ಅಕ್ಕನಿಗೆ ಹೋಗಿ ಅಂತಲೂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಗೋಡೆಯ ಕೆಂಪು ಸ್ವಿಚ್ಚು ಒತ್ತಿದೆ. ಮೆಷಿನ್ ನಿಂತಿತು.

ಮೆಷಿನ್ ನಿಂತದ್ದು ಕಂಡ ಕೂಡಲೇ ಆತನಿಗೆ ಸಿಟ್ಟು ಬಂತು. ಐನೂರು ತೋರಿಸುವ ಮೊದಲೇ ನಿಲ್ಲಿಸಿ ಮೋಸ ಮಾಡಿದರು ಅಂದುಕೊಂಡ. ಪೈಪನ್ನು ಧಡ್ ಅಂತ ಮೆಷಿನ್ನಿಗೆ ಸಿಕ್ಕಿಸಿ, ಬೈಕು ಪಕ್ಕಕ್ಕೆ ಹಾಕಿ ನನ್ನ ಹತ್ತಿರ ಜಗಳಕ್ಕೆ ಬರೋಣ ಅಂತ ಹತ್ತಿ ಕೂತ. ಅಕ್ಕ ಗೆರೆ ದಾಟಿ ಓಡಿದರು. “ಸ್ಟಾರ್ಟ್ ಮಾಡ್ಬೇಡ್ರೀ! ಅಣ್ಣ, ಸ್ಟಾರ್ಟ್ ಮಾಡ್ಬೇಡ್ರೀ!” ಮೇಲೆ ಸ್ಪೀಕರಿನಲ್ಲಿ ಅದೇ ದನಿ, ಬೇಕಾದಷ್ಟು ನೀವೇ ಹಾಕ್ಕಳ್ರಿ ಅನ್ನುತ್ತಿತ್ತು. ಆತ ಸೆಲ್ಫ್ ಒತ್ತಿದ. ಭುಗ್ ಅಂತ ಹೊತ್ತಿಕೊಂಡಿತು.

ಅಯ್ಯೋ ಶಿವನೇ, ಅದನ್ನು ಗಾಜಿನೊಳಗಿಂದ ನೋಡಿದ್ದೇನೆ ನಾನು. ಆತ ಬೈಕು ಬಿಟ್ಟು ಆಚೆ ಉರುಳಿದ. ಹೆಂಡತಿ ಪೊಟ್ಟಣ ಹಿಡಿದುಕೊಂಡು ಅಲ್ಲೇ ಮರಗಟ್ಟಿ ನಿಂತಿದ್ದಳು, ಸೀರೆಯ ಸೆರಗು ಬೆಂಕಿಯ ಕಡೆ ಹಾರುತ್ತಿತ್ತು. ಅಕ್ಕ ಆ ಸೆರಗನ್ನು ಬರಿಗೈಯಲ್ಲಿ ಬಾಚಿ ಆಕೆಯನ್ನು ದರದರ ಎಳೆದುಕೊಂಡು ಬಂದರು. ಉಳಿದಿಬ್ಬರು ಮರಳಿನ ಬಕೆಟ್ ಹೊತ್ತು ಓಡಿದರು. ನಾನು ಬೆಂಕಿ ಆರಿಸುವ ಸಿಲಿಂಡರ್ ಎತ್ತಿಕೊಂಡು ಹೊರಗೆ ಬಂದು ಪಿನ್ನು ಕಿತ್ತು ಬೆಂಕಿಯ ಬುಡಕ್ಕೆ ಬಿಟ್ಟೆ. ಪುಡಿಯ ಹೊಗೆಯಲ್ಲಿ ಏನೂ ಕಾಣಲಿಲ್ಲ. ಬೆಂಕಿ ಆರಿದಾಗ ಬೈಕಿನ ಸೀಟು ಹೋಗಿತ್ತು, ಆತನ ಮೊಣಕಾಲ ಕೆಳಗೆ ಬೊಬ್ಬೆ ಎದ್ದಿತ್ತು. ಅಕ್ಕನ ಬಲಗೈ ಅಂಗೈ, ಬೆರಳು ಸುಟ್ಟಿದ್ದವು. ಕೆಮ್ಮು ಹತ್ತಿಕೊಂಡು ಮಾತಾಡಲಾಗದೆ ಮೆಟ್ಟಿಲ ಮೇಲೆ ಕುಸಿದು ಕೂತಿದ್ದರು. ಯಾರೋ ಕಾರಿನವರು ಇಬ್ಬರನ್ನೂ ಹಿರಿಯೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದರು.

ಸಂಜೆ ಯಜಮಾನರು ಬಂದರು. ಸುಟ್ಟ ಬೈಕು ನೋಡಿದರು, ಕ್ಯಾಮೆರಾದ ಚಿತ್ರ ಹಿಂದೆ ಮುಂದೆ ಮಾಡಿ ನೋಡಿದರು. ಬೈತಾರೆ ಅಂದುಕೊಂಡಿದ್ದೆ, ಬೈಯಲಿಲ್ಲ. ಎದುರಿಗೆ ಕೂರಿಸಿಕೊಂಡು ಪಾಠ ಹೇಳಿಕೊಟ್ಟರು.

“ನೋಡಪ್ಪ, ಇದ್ರಾಗೆ ಅವಳು ಗೆರೆ ದಾಟಿ ಓಡಿ ಬರೋದು ಕಾಣ್ತೈತೆ. ಆಮೇಲೆ ಅವನು ಸ್ಟಾರ್ಟ್ ಮಾಡೋದು ಕಾಣ್ತೈತೆ. ಅವಳು ಕಿರುಚಿಕೊಂಡು ಬಂದಿದ್ದಕ್ಕೆ ಗಾಬರಿ ಬಿದ್ದು ಸೆಲ್ಫ್ ಒತ್ತಿದ ಅಂತ ಹೇಳಾಣ. ಹೋಗ್ಬೇಡ ಅಂತ ಹೇಳಿದ್ರೂ ಹೋದ್ಳು. ಹೆಂಗೂ ಬಿಡಿಸಬೇಕಿತ್ತು, ಬಿಡಿಸಿದ್ರಾತು. ಆಫೀಸರ್ ನಿನ್ನ ಕೇಳಿದ್ರೆ ಫಾರಿನ್ನಾಗೆ ಇದೇ ಪದ್ಧತಿ ನಡೆಸ್ತಿದ್ವಿ, ಏನೂ ಆಗ್ತಿರಲಿಲ್ಲ ಅನ್ನು.”

ಆಸ್ಪತ್ರೆಯಲ್ಲಿ ಕೈಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿರುವ ಹೆಂಗಸಿನ ತಲೆಗೆ ಇದನ್ನು ಕಟ್ಟುವುದು! ನನಗೆ ಮೈಯೆಲ್ಲ ಉರಿಯಿತು. ಆ ರಾತ್ರಿ ರೂಮಿನಲ್ಲಿ ನಿದ್ದೆ ಬರಲಿಲ್ಲ. ಅವರ ಮಾತಿನ ಪ್ರಕಾರ ಹೇಳಿದರೆ ನನ್ನ ಕುರ್ಚಿ ಭದ್ರ. ಹೇಳದಿದ್ದರೆ ಈ ವಯಸ್ಸಿಗೆ ಮತ್ತೆ ಯಾವ ದೇಶಕ್ಕೆ ಹೋಗಿ ಯಾರ ಕಾರಿನ ಗಾಜು ಇಳಿಯುವುದನ್ನು ಕಾಯಲಿ?

ಆಫೀಸರು ಹೇಳಿದ ದಿನಕ್ಕೇ ಬಂದರು. ಇನ್ನೂ ಚಿಕ್ಕ ವಯಸ್ಸು, ಮಾತು ಕಡಿಮೆ. ಚಿತ್ರ ನೋಡಿದರು, ಸುಟ್ಟ ಜಾಗ ನೋಡಿದರು, ಕೆಂಪು ಸ್ವಿಚ್ಚು ಒತ್ತಿ ನೋಡಿದರು. ಯಜಮಾನರು ಬೆಂಕಿ ಬಿದ್ದ ಸಂಜೆ ಕಟ್ಟಿದ ಕಥೆ ಪೂರ್ತಿ ಹೇಳಿ ಮುಗಿಸಿ, “ನಮ್ಮ ಮ್ಯಾನೇಜರ್ ಫಾರಿನ್ನಾಗೆ ಇಂಥದೇ ಬಂಕು ನಡೆಸಿದೋರು, ಕೇಳ್ರಿ ಬೇಕಾದ್ರೆ,” ಅಂದರು.

“ಅಲ್ಲಿ ಗಿರಾಕಿ ಹೀಗೆ ಚೆಲ್ಲಿದರೆ ಏನು ಮಾಡ್ತಿದ್ರಿ?” ಆಫೀಸರು ನನ್ನ ಕಡೆ ತಿರುಗಿದರು.

ಯಜಮಾನರು ನನ್ನನ್ನೇ ನೋಡುತ್ತಿದ್ದರು.

“ಅಲ್ಲಿ ಗಿರಾಕಿ ಪೈಪ್ ಮುಟ್ಟೋದೇ ಇಲ್ಲ ಸಾರ್,” ಅಂದೆ. “ಕಾರಿಂದ ಇಳಿಯೋದೂ ಇಲ್ಲ. ಪೈಪ್ ಹಿಡ್ಕಂಡು ನಿಂತಿದ್ದೋನು ನಾನು. ಅಷ್ಟು ವರ್ಷನೂ ಅದೇ ಕೆಲಸ. ಇಂಥ ಬಂಕು ನಾನು ಕಣ್ಣಲ್ಲೂ ನೋಡಿಲ್ಲ. ಮತ್ತೆ, ಆಯಮ್ಮ ಓಡಿ ಬಂದಿದ್ದಕ್ಕೆ ಬೆಂಕಿ ಹತ್ತಿದ್ದಲ್ಲ ಸಾರ್. ಪೆಟ್ರೋಲು ಉಕ್ಕೋದನ್ನ ನೋಡಿ ಹೋಗಲಾ ಅಂತ ನನ್ನ ಕೇಳಿದ್ರು. ಆಗ್ಲೇ ಬಿಟ್ಟಿದ್ರೆ ಅವ್ರು ಪೈಪ್ ಕಿತ್ಕಂಡಿರೋರು. ನಾನು ಬಿಡ್ಲಿಲ್ಲ. ಯಜಮಾನ್ರು ಫೋನಾಗೆ ಬಿಡಬೇಡ ಅಂದ್ರು, ನಾನು ಬಿಡ್ಲಿಲ್ಲ.”

ಆಫೀಸರು ಯಜಮಾನರ ಮುಖವನ್ನೂ ನೋಡಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ಇವತ್ತಿನಿಂದ ನಾಲ್ಕನೇ ಮೆಷಿನ್ ಮೊದಲಿನ ಥರವೇ ನಡೆಯಲಿ, ಪ್ರತಿ ಮೆಷಿನ್ನಿಗೂ ಹಾಕುವವರು ಇರಲೇಬೇಕು, ಗಾಯವಾದ ಇಬ್ಬರ ಖರ್ಚು ಬಂಕಿನದು ಅಂತ ಹೇಳಿ ಎದ್ದು ಹೋದರು. ಹೋಗುವಾಗ ಸ್ಪೀಕರಿನ ತಂತಿ ತಾವೇ ಕಿತ್ತರು.

ಯಜಮಾನರು ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಹಗುರವಾಗುತ್ತಿತ್ತೇನೋ.

“ನಾಳೆಯಿಂದ ನಮ್ಮ ಭಾವಮೈದ ಈ ಕುರ್ಚಿಗೆ ಬರ್ತಾನೆ,” ಅಂದರು ತಣ್ಣಗೆ. “ನೀನು ಹೋಗೋದಾದ್ರೆ ಹೋಗು. ಇರೋದಾದ್ರೆ ನಾಲ್ಕನೇ ಮೆಷಿನ್ನಿಗೆ ಒಬ್ಬರು ಬೇಕು. ಪೈಪ್ ಹಿಡಿಯೋದು ಬರ್ತೈತಲ್ಲ, ನೀನೇ ಹೇಳ್ದೆ.”

ಹೋಗಲು ನನಗೆ ಜಾಗವಿರಲಿಲ್ಲ. ಇದ್ದೆ.

ಯೂನಿಫಾರ್ಮ್ ಹಾಕಿಕೊಂಡು ನಿಂತ ಮೊದಲ ದಿನ ಹಿರಿಯೂರಿನ ಆ ಇಬ್ಬರು ಹುಡುಗಿಯರು ಮುಖ ಮುಖ ನೋಡಿಕೊಂಡರು, ನಗಲು ಹೆದರಿದರು. ನಿಮ್ಮಿಂದ ನಮ್ಮ ಕೆಲಸ ಉಳೀತು ಸಾರ್ ಅಂತ ಒಬ್ಬಳು ಮೆಲ್ಲಗೆ ಹೇಳಿದಳು. ನನಗೆ ಅದನ್ನು ಕೇಳಿ ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ. ಅಕ್ಕ ಬಂದರೆ ಅವರೂ ಏನಾದರೂ ಒಳ್ಳೇ ಮಾತು ಹೇಳುತ್ತಾರೆ ಅಂತ ಕಾದೆ.

ಅಕ್ಕ ಬಂದದ್ದು ಗಾಯ ಪೂರ್ತಿ ಮಾಯುವ ಮೊದಲೇ. ಬಲಗೈಗೆ ಇನ್ನೂ ಪಟ್ಟಿ ಇತ್ತು, ಬೆರಳು ಮಡಚಲು ಆಗುತ್ತಿರಲಿಲ್ಲ. ನನ್ನ ಯೂನಿಫಾರ್ಮನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿ, ಮೂರನೇ ಮೆಷಿನ್ನಿನ ಪಕ್ಕ ಹೋಗಿ ನಿಂತರು. ಚಿತ್ರದುರ್ಗದ ಕಡೆಯಿಂದ ಬೈಕುಗಳು ಬಂದು ತುಂಬಿಕೊಂಡವು. ನನಗೆ ನೋಡಲಾಗಲಿಲ್ಲ. ನೆರಳಲ್ಲಿದ್ದ ಕುರ್ಚಿ ಎಳೆದುಕೊಂಡು ಬಂದು ಅವರ ಹಿಂದೆ ಇಟ್ಟೆ.

“ಕುಂತ್ಕಳ್ರಿ ಅಕ್ಕ. ಕೈ ವಾಸಿ ಆಗೋವರೆಗೂ ನಿಮ್ಮ ಮೆಷಿನ್ನೂ ನಾನೇ ನೋಡ್ಕಂತೀನಿ.”

ಅಕ್ಕ ಕುರ್ಚಿಯನ್ನು ನೋಡಿದರು, ನನ್ನನ್ನು ನೋಡಿದರು.

“ಬೇಡ,” ಅಂದರು. “ನೀವು ಒಂದು ಸಲ ಕುಂದ್ರಿಸಿದ್ರಲ್ಲ, ಸಾಕು.”

ಎಡಗೈಯಲ್ಲಿ ಪೈಪ್ ಎತ್ತಿಕೊಂಡು, ಸಾಲಿನಲ್ಲಿ ಮೊದಲಿದ್ದ ಬೈಕಿನವನನ್ನು ಮುಂದೆ ಕರೆದರು.